ಹೊಗೆಯ ವೇಗ ತಗ್ಗಿಸುವ ಕೆಲಸ

ಕಂಪ್ಯೂಟರಿನಲ್ಲಿ ಹುಟ್ಟಿದ ಹೊಗೆಯನ್ನು ಸ್ವಲ್ಪ ಮೊದಲು ಹೊರಡಿಸುವುದು, ತಡವಾಗಿ ಹೊರಡಿಸುವುದು, ಅವಸರದಲ್ಲಿದ್ದರೆ ನಿಧಾನ ಮಾಡುವುದು: ಇದು ನನ್ನ ಕೊನೆಯ ನೌಕರಿ. ನವಿ ಮುಂಬಯಿಯ ರಬಾಳೆಯ ಒಂದು ಅನಿಮೇಶನ್ ಸ್ಟುಡಿಯೋದಲ್ಲಿ ನಿವೃತ್ತನಾಗುವವರೆಗೆ ಇದನ್ನೇ ಮಾಡಿದೆ. ಅಲ್ಲಿದ್ದಾಗ ಒಬ್ಬ ಹುಡುಗಿಯ ಬದುಕನ್ನು ಕೆಡಿಸಿದೆ. ಅದನ್ನು ಹೇಳುವುದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ. ಹೇಳಿದರೆ ಮನಸ್ಸು ಹಗುರವಾಗುತ್ತದೆ ಎಂಬ ಭ್ರಮೆ ನನಗಿಲ್ಲ. ಒಮ್ಮೆ ಹೇಳಿ ನೋಡಿದ್ದೇನೆ.

ಹತ್ತನೆಯ ತರಗತಿ ಪಾಸಾಗಿ ಕರಾವಳಿಯಿಂದ ಬಂದವನು ನಾನು. ಠಾಣೆಯ ವಾಗ್ಳೆ ಎಸ್ಟೇಟಿನಲ್ಲಿ ಜಾಹೀರಾತಿನ ಕಾರ್ಟೂನು ಮಾಡುವ ಚಿಕ್ಕ ಕಂಪನಿಯೊಂದರಲ್ಲಿ ಬಹಳ ವರ್ಷ ಕ್ಯಾಮೆರಾದವನಾಗಿದ್ದೆ. ಹೊರಗೆ ಹೊತ್ತುಕೊಂಡು ತಿರುಗುವ ಕ್ಯಾಮೆರಾ ಅಲ್ಲ ಅದು. ಮೇಜಿನ ಮೇಲ್ಗಡೆ ಕೆಳಮುಖವಾಗಿ ನೇತಾಡುವ ದೊಡ್ಡ ಯಂತ್ರ. ಕೆಳಗೆ ಒಂದು ಚಿತ್ರವನ್ನಿಡುವುದು, ಗಾಜು ಅದುಮುವುದು, ಗುಂಡಿ ಒತ್ತುವುದು, ಚಿತ್ರ ತೆಗೆದು ಇನ್ನೊಂದನ್ನಿಡುವುದು. ಪ್ರತಿ ಚಿತ್ರವನ್ನೂ ಎರಡು ಸಲ ತೆಗೆಯುವುದು ನಮ್ಮ ಪದ್ಧತಿ. ಹಾಗೆ ಮಾಡಿದರೆ ಬರೆಯುವವರಿಗೆ ಅರ್ಧ ಕೆಲಸ ಉಳಿಯುತ್ತದೆ, ನೋಡುವವರಿಗೆ ಗೊತ್ತಾಗುವುದಿಲ್ಲ. ಬೊಂಬೆ ನಿಧಾನವಾಗಿ ನಡೆಯಬೇಕಾದಲ್ಲಿ ಮೂರು ಸಲ ತೆಗೆಯುತ್ತಿದ್ದೆವು. ನನ್ನ ಪಾಲಿಗೆ ಕಾಲವೆಂದರೆ ಅಷ್ಟೇ: ಗುಂಡಿಯನ್ನು ಎಷ್ಟು ಸಲ ಒತ್ತಬೇಕು ಎಂಬುದು.

ಎರಡು ಸಾವಿರದ ಇಸವಿ ದಾಟುತ್ತಿದ್ದಂತೆ ಆ ಯಂತ್ರವನ್ನು ಗುಜರಿಯವನು ತುಂಡು ಮಾಡಿ ಟೆಂಪೋದಲ್ಲಿ ಒಯ್ದ. ಮಾಲೀಕರು ಒಳ್ಳೆಯವರು, ನನ್ನನ್ನು ಕಂಪ್ಯೂಟರಿನ ಮುಂದೆ ಕೂರಿಸಿದರು. ಕೆಲವು ವರ್ಷಗಳ ಮೇಲೆ ಆ ಕಂಪನಿಯೂ ಮುಚ್ಚಿತು. ಪರಿಚಯದವರೊಬ್ಬರ ಮಾತಿನ ಮೇಲೆ ರಬಾಳೆಯಲ್ಲಿ ಕೆಲಸ ಸಿಕ್ಕಿತು. ವಿದೇಶಿ ಸೀರಿಯಲ್ಲುಗಳಿಗೆ ಬೆಂಕಿ, ಧೂಳು, ಹೊಗೆ ಮಾಡಿಕೊಡುವ ಸ್ಟುಡಿಯೋ ಅದು. ಅಲ್ಲಿದ್ದವರೆಲ್ಲ ನನ್ನ ಮಗನ ವಯಸ್ಸಿನವರು. ಮೊದಲ ದಿನದಿಂದಲೇ ನಾನು ಎಲ್ಲರಿಗೂ ಕಾಕಾ ಆದೆ.

ಹೊಗೆಯ ವಿಷಯವನ್ನು ಸ್ವಲ್ಪ ಹೇಳಬೇಕು. ಅದನ್ನು ಯಾರೂ ಕೈಯಿಂದ ಬರೆಯುವುದಿಲ್ಲ. ಇಲ್ಲಿಂದ ಹುಟ್ಟಬೇಕು, ಗಾಳಿ ಇಷ್ಟಿರಬೇಕು, ಎದುರಿಗೆ ಗೋಡೆ ಇದೆ ಎಂದು ಹೇಳಿಕೊಟ್ಟರೆ ಕಂಪ್ಯೂಟರು ತಾನೇ ಲೆಕ್ಕ ಹಾಕುತ್ತದೆ. ಒಂದು ಹೊಗೆಗೆ ಹಗಲು ರಾತ್ರಿ ಲೆಕ್ಕ ನಡೆಯುವುದುಂಟು. ಮುಗಿದ ಮೇಲೆ ಒಂದೊಂದು ಫ್ರೇಮಿನ ಹೊಗೆಯನ್ನು ಒಂದೊಂದು ಫೈಲಾಗಿ ಡಿಸ್ಕಿನಲ್ಲಿ ಇಡುತ್ತದೆ. ಆ ಸಾಲಿಗೆ ಕ್ಯಾಶ್ ಎನ್ನುತ್ತಾರೆ. ಕ್ಯಾಶ್ ಆದ ಹೊಗೆ ಆಗಿ ಹೋದ ಸಂಗತಿಯ ಹಾಗೆ, ಇನ್ನು ತಾನಾಗಿ ಬದಲಾಗುವುದಿಲ್ಲ. ಅದರ ಆಕಾರವನ್ನು ಮುಟ್ಟದೆ ಕಾಲವನ್ನು ಮಾತ್ರ ಹಿಗ್ಗಿಸಿ ಕುಗ್ಗಿಸುವುದು ನನ್ನ ಪಾಲಿಗೆ ಬಂತು.

ಮೊದಮೊದಲು ನಾನು ನನ್ನ ಹಳೆಯ ಪದ್ಧತಿಯನ್ನೇ ಹಿಡಿದೆ. ನಿಧಾನ ಬೇಕೆಂದರೆ ಪ್ರತಿ ಫ್ರೇಮನ್ನು ಎರಡು ಸಲ ಇಟ್ಟೆ. ಬೊಂಬೆಗೆ ಸರಿಹೋಗುತ್ತಿದ್ದದ್ದು ಹೊಗೆಗೆ ಸರಿಹೋಗಲಿಲ್ಲ. ತೆರೆಯ ಮೇಲೆ ಹೊಗೆ ನಿಂತು ನಿಂತು ಜಿಗಿಯುತ್ತಿತ್ತು.

ನಮ್ಮ ಸೂಪರ್‌ವೈಸರ್ ಠಾಣೆಯ ಹುಡುಗ. ಎಲ್ಲರ ಮುಂದೆ ನಗುತ್ತ ಹೇಳಿದ, "ಕಾಕಾ, ಆಪ್ ಕಾ ಧುವಾ ಹಿಚಕೀ ಲೇ ರಹಾ ಹೈ. ಪಾನೀ ಪಿಲಾವೋ ಉಸ್ ಕೋ."

ಬಿಕ್ಕಳಿಸುವ ಹೊಗೆಗೆ ನೀರು ಕುಡಿಸಬೇಕಂತೆ. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗದೆ ನನ್ನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡವಳು ಆ ಹುಡುಗಿ ಒಬ್ಬಳೇ.

ಹೊಗೆಯನ್ನು ಲೆಕ್ಕ ಹಾಕಿಸುವ ಕೆಲಸ ಅವಳದು. ವಿಜಾಪುರದ ಕಡೆಯವರು ಅವಳ ಅಪ್ಪ, ಕಲ್ಯಾಣದ ಮಾರ್ಕೆಟ್ಟಿನಲ್ಲಿ ಮೂಟೆ ಇಳಿಸುವವರು. ಅವಳು ಹುಟ್ಟಿದ್ದು ಇಲ್ಲಿಯೇ. "ನನಗ ಕನ್ನಡ ಸಮಜ್ತದ ಕಾಕಾ, ಬೋಲಾಕ ಬರಂಗಿಲ್ಲ" ಎಂದು ಅಷ್ಟು ಉದ್ದಕ್ಕೆ ಕನ್ನಡದಲ್ಲಿಯೇ ಹೇಳಿ ನಗುತ್ತಿದ್ದಳು. ನಾನು ಕನ್ನಡದಲ್ಲಿ ಕೇಳುವುದು, ಅವಳು ಹಿಂದಿಯಲ್ಲಿ ಉತ್ತರಿಸುವುದು, ಹೀಗೆ ನಮ್ಮ ಮಾತು ನಡೆಯುತ್ತಿತ್ತು. ಹೊಗೆಯ ಪ್ರತಿ ಫೈಲಿನಲ್ಲಿ ದಟ್ಟಣೆಯ ಜೊತೆ ಅದು ಯಾವ ಕಡೆಗೆ ಎಷ್ಟು ಜೋರಾಗಿ ಹೋಗುತ್ತಿದೆ ಎಂಬುದೂ ಇರುತ್ತದೆ, ಅದನ್ನು ಹಿಡಿದು ಎರಡು ಫ್ರೇಮುಗಳ ನಡುವಿನ ಹೊಗೆಯನ್ನು ಹೊಸದಾಗಿ ಕಟ್ಟಬೇಕು ಎಂದು ಅವಳು ತೋರಿಸಿಕೊಟ್ಟಳು. ಹೊಗೆ ಅರ್ಧ ನಿಧಾನವಾದರೆ ಅದರೊಳಗಿನ ವೇಗವನ್ನೂ ಅರ್ಧಕ್ಕೆ ಇಳಿಸಬೇಕು, ಇಲ್ಲದಿದ್ದರೆ ಒರೆಸಿದ ಹಾಗೆ ಕಾಣುತ್ತದೆ. ನಾನು ಮರೆತಾಗಲೆಲ್ಲ ಬೆರಳಿನಿಂದ ಮೇಜು ಕುಟ್ಟಿ "ವೆಲಾಸಿಟಿ, ಕಾಕಾ, ವೆಲಾಸಿಟಿ" ಎನ್ನುತ್ತಿದ್ದಳು. ನಾನು ಆ ಕುರ್ಚಿಯಲ್ಲಿ ಉಳಿದದ್ದು ಅವಳಿಂದ.

ಅವಳು ಕಾಂಟ್ರ್ಯಾಕ್ಟಿನ ಮೇಲಿದ್ದಳು. ಆ ವರ್ಷ ಕಾಯಂ ಮಾಡುವ ಮಾತಿತ್ತು. ಕಾಯಂ ಆದರೆ ಮದುವೆಯ ಮಾತೆತ್ತುವುದಿಲ್ಲ ಎಂದು ಅವಳ ಅಪ್ಪ ಮಾತು ಕೊಟ್ಟಿದ್ದರು. ಊರಿನಲ್ಲಿ ಸೋದರಮಾವನ ಮಗನೊಬ್ಬ ಕಾಯುತ್ತಿದ್ದ. ಇದನ್ನು ಅವಳು ನನಗೆ ತಮಾಷೆಯಾಗಿ ಹೇಳಿದ್ದಳು. ತಮಾಷೆಯಲ್ಲ ಎಂಬುದು ನನಗೆ ಗೊತ್ತಿತ್ತು.

ಆ ವರ್ಷದ ದೊಡ್ಡ ಕೆಲಸವೆಂದರೆ ಒಂದು ಹಳೆಯ ಕಾರ್ಖಾನೆಯ ಚಿಮಣಿ ಉರುಳುವ ದೃಶ್ಯ. ಉರುಳಿದ ಜಾಗದಿಂದ ಕಪ್ಪು ಹೊಗೆ ಎದ್ದು ಬೀದಿಯನ್ನೆಲ್ಲ ನುಂಗಬೇಕು. ಅವಳು ವಾರಗಟ್ಟಲೆ ಅದರ ಹಿಂದೆ ಬಿದ್ದಿದ್ದಳು. ಕೊನೆಗೆ ಎದ್ದ ಹೊಗೆ ಒಂದು ಕಡೆ ವಾಲಿ, ಗೋಡೆಗೆ ಬಡಿದು, ತಿರುಗಿ ತನ್ನ ಮೇಲೆಯೇ ಮಗುಚಿಕೊಳ್ಳುತ್ತಿತ್ತು. ನೋಡುತ್ತ ನಿಂತರೆ ಕೆಮ್ಮು ಬಂದಂತಾಗುತ್ತಿತ್ತು. ವಿದೇಶದ ಗಿರಾಕಿಗಳು ಒಪ್ಪಿದರು. ಆಕಾರ ಇದೇ ಇರಲಿ, ಒಂದಿಷ್ಟೂ ಬದಲಾಗಬಾರದು, ನಿಧಾನ ಮಾತ್ರ ಮಾಡಿಕೊಡಿ ಎಂದರು. ನಿಧಾನವಾದಷ್ಟೂ ಹೊಗೆ ದೊಡ್ಡದಾಗಿ ಕಾಣುತ್ತದೆ, ಚಿಮಣಿಗೆ ತೂಕ ಬರುತ್ತದೆ. ಆ ಕೆಲಸ ನನ್ನ ಕೈಗೆ ಬಂತು.

ಊಟದ ಹೊತ್ತು. ಅವಳು ಒಂದು ಚಿಕ್ಕ ಪರೀಕ್ಷೆಯ ಹೊಗೆಯನ್ನು ಲೆಕ್ಕಕ್ಕೆ ಹಾಕಿ ಕ್ಯಾಂಟೀನಿಗೆ ಹೋಗಿದ್ದಳು. ನನ್ನ ಯಂತ್ರ ಹಳೆಯದು, ಅಷ್ಟು ದೊಡ್ಡ ಹೊಗೆಯನ್ನು ಎಳೆಯುತ್ತಿರಲಿಲ್ಲ. ನಮ್ಮ ಸಾಲಿನಲ್ಲಿ ಎಲ್ಲರ ಪಾಸ್‌ವರ್ಡೂ ಎಲ್ಲರಿಗೆ ಗೊತ್ತು. ಯಾರ ಯಂತ್ರ ಖಾಲಿಯಿದೆಯೋ ಅಲ್ಲಿ ಕೂರುವುದು ಅಲ್ಲಿಯ ರೂಢಿ. ನಾನು ಅವಳ ಕುರ್ಚಿಯಲ್ಲಿ ಕೂತೆ. ನಿಧಾನ ಮಾಡಿದ ಹೊಗೆಯನ್ನು ಬೇರೆ ಜಾಗದಲ್ಲಿ ಬರೆಸಬೇಕು. ಡಿಸ್ಕಿನಲ್ಲಿ ಜಾಗವಿಲ್ಲ ಎಂದು ಬಂತು. ಜಾಗ ಬೇಕೆಂದರೆ ಸಿಸ್ಟಮ್ ವಿಭಾಗದವರಿಗೆ ಫೋನು ಮಾಡಬೇಕು. ಹಿಂದಿನ ದಿನ ಮಾಡಿದ್ದಾಗ ಅಲ್ಲಿಯವನು "ಕ್ಯಾ ಕಾಕಾ, ಪೂರಾ ಗೋಡೌನ್ ಚಾಹಿಯೇ ಕ್ಯಾ?" ಎಂದು ತನ್ನ ಕೋಣೆಗೆಲ್ಲ ಕೇಳುವಂತೆ ನಕ್ಕಿದ್ದ. ಮತ್ತೆ ಕೇಳುವುದಕ್ಕೆ ನಾಚಿಕೆಯಾಯಿತು. ಅವಳ ಮೂಲ ಹೊಗೆ ಇದ್ದ ಜಾಗದಲ್ಲಿಯೇ, ಅದೇ ಹೆಸರಿನಲ್ಲಿ ಬರೆಸಿದೆ. ಹಳೆಯದರ ಮೇಲೆ ಬರೆಯಲೇ ಎಂದು ಕೇಳಿತು. ಹೌದು ಎಂದು ಒತ್ತಿ ಊಟಕ್ಕೆ ಎದ್ದೆ.

ಅದರಿಂದ ಆದದ್ದು ಇಷ್ಟು. ಸಾಲಾಗಿ ಕೊಡಪಾನಗಳನ್ನಿಟ್ಟು ಪ್ರತಿಯೊಂದರಲ್ಲಿಯೂ ಬೇರೆ ಬೇರೆ ಬಣ್ಣದ ನೀರು ತುಂಬಿದ್ದೀರಿ ಎಂದುಕೊಳ್ಳಿ. ಎರಡನೆಯದನ್ನು ಚೆಲ್ಲಿ ಅದಕ್ಕೆ ಮೊದಲನೆಯದರ ನೀರು ಹೊಯ್ಯುತ್ತೀರಿ. ಆಮೇಲೆ ಮೂರನೆಯದನ್ನು ಚೆಲ್ಲಿ ಎರಡನೆಯದರ ನೀರು ಹೊಯ್ಯುತ್ತೀರಿ. ಕೊನೆಯವರೆಗೆ ಹೋದರೆ ಎಲ್ಲದರಲ್ಲಿಯೂ ಮೊದಲ ಬಣ್ಣವೇ. ನಿಧಾನ ಮಾಡುವಾಗ ಪ್ರತಿ ಹೊಸ ಫ್ರೇಮೂ ತನಗಿಂತ ಹಿಂದಿನದರಿಂದ ಹುಟ್ಟುತ್ತದೆ. ಆ ಹಿಂದಿನದನ್ನು ನಾನು ಆಗಲೇ ಅಳಿಸಿಬಿಟ್ಟಿದ್ದೆ. ಊಟ ಮುಗಿಸಿ ಬಂದು ಓಡಿಸಿ ನೋಡಿದರೆ ಚಿಮಣಿ ಉರುಳುತ್ತಿತ್ತು, ಬುಡದಲ್ಲಿ ಹತ್ತಿಯ ಉಂಡೆಯಷ್ಟು ಹೊಗೆ ಕಾಣಿಸಿಕೊಂಡು ಅಲ್ಲಿಯೇ ಕೂತಿತ್ತು. ಕೊನೆಯ ಫ್ರೇಮಿನವರೆಗೂ ಅಲ್ಲಿಯೇ ಕೂತಿತ್ತು.

ಇಂಥ ಫೈಲುಗಳಿಗೆ ಬ್ಯಾಕಪ್ ಇರುತ್ತಿರಲಿಲ್ಲ. ಕಳೆದುಹೋದರೆ ಮತ್ತೆ ಲೆಕ್ಕ ಹಾಕಿಸಿದರಾಯಿತು ಎಂಬ ಧೋರಣೆ. ಆದರೆ ಚಿಮಣಿಯ ಇಟ್ಟಿಗೆಗಳು ಉರುಳುವ ರೀತಿಯನ್ನು ಬೇರೆ ವಿಭಾಗದವರು ಅಷ್ಟರಲ್ಲಿ ತಿದ್ದಿದ್ದರು. ಮತ್ತೆ ಲೆಕ್ಕ ಹಾಕಿಸಿದರೆ ಬರುವುದು ಬೇರೆ ಹೊಗೆ. ಇದು ನನಗೆ ಆ ಕ್ಷಣದಲ್ಲಿಯೇ ಗೊತ್ತಿತ್ತು. ಅವಳ ತೆರೆಯ ಮೇಲಿನ ಕಿಟಕಿಗಳನ್ನು ಇದ್ದ ಹಾಗೆ ಮಾಡಿ ಎದ್ದು ನನ್ನ ಜಾಗಕ್ಕೆ ಹೋದೆ.

ಸಂಜೆಯ ಮುಂಚೆ ಸೂಪರ್‌ವೈಸರ್ ಬಂದ. "ಕಾಕಾ, ಹೋ ಗಯಾ?"

"ಕ್ಯಾಶ್ ಹೀ ಖರಾಬ್ ಹೈ" ಎಂದೆ. ಕ್ಯಾಶೇ ಕೆಟ್ಟಿದೆ. ಇಡೀ ಸುಳ್ಳು ಅಷ್ಟೇ. ತಲೆ ಎತ್ತದೆ ಹೇಳಿದೆ.

ಸಿಸ್ಟಮ್ ವಿಭಾಗದವರು ನೋಡಿದರು. ಊಟದ ಹೊತ್ತಿನಲ್ಲಿ, ಅವಳ ಯಂತ್ರದಿಂದ, ಅವಳ ಹೆಸರಿನಲ್ಲಿ ಬರೆಯಲಾಗಿದೆ ಎಂದರು.

ಸೂಪರ್‌ವೈಸರ್ ಕೂಗಾಡಲಿಲ್ಲ. "ಖಾನೇ ಜಾನೇ ಸೇ ಪಹಲೇ ಟೆಸ್ಟ್ ಲಗಾಯಾ ಥಾ ನಾ? ಪಾಥ್ ಚೇಂಜ್ ಕಿಯಾ ಥಾ?" ಎಂದ. ಪರೀಕ್ಷೆಯ ಹೊಗೆಗೆ ಬೇರೆ ಜಾಗ ತೋರಿಸಿದ್ದೆಯಾ ಎಂದು ಅವನ ಪ್ರಶ್ನೆ.

"ಕಿಯಾ ಥಾ" ಎಂದಳು. ಸ್ವಲ್ಪ ತಡೆದು, "ಶಾಯದ್" ಎಂದಳು.

ಬಹುಶಃ ಎಂಬ ಆ ಒಂದು ಮಾತಿನಲ್ಲಿ ಅವಳು ತನ್ನನ್ನು ತಾನೇ ಒಪ್ಪಿಸಿಬಿಟ್ಟಳು. ನಾನು ಎರಡು ಕುರ್ಚಿಗಳ ಆಚೆ ಕೂತಿದ್ದೆ. ಅವಳು ನನ್ನ ಕಡೆ ತಿರುಗಿದಳು. ನೀವು ನೋಡಿದಿರಾ ಎಂದು ಕೇಳುವುದಕ್ಕಲ್ಲ. ಮುಖ ಎಲ್ಲಿಡಬೇಕೆಂದು ತಿಳಿಯದೆ ತಿರುಗಿದ್ದು. ನಾನು ತೆರೆಯನ್ನು ನೋಡುತ್ತಿದ್ದೆ.

ಆಮೇಲಿನ ದಿನಗಳಲ್ಲಿ ಅವಳು ಮತ್ತೆ ಮತ್ತೆ ಲೆಕ್ಕ ಹಾಕಿಸಿದಳು. ಒಮ್ಮೆ ಹೊಗೆ ವಾಲುತ್ತಿರಲಿಲ್ಲ, ವಾಲಿದರೆ ಮಗುಚುತ್ತಿರಲಿಲ್ಲ. ಗಿರಾಕಿಗಳು ಮೊದಲಿನದೇ ಬೇಕೆಂದು ಪಟ್ಟು ಹಿಡಿದರು. ಅವಳು ಒಂದು ಸಂಖ್ಯೆ ಬದಲಿಸಿ ಅದನ್ನು ಮೂರು ಸಲ ಓದುವುದು, ಗುಂಡಿ ಒತ್ತುವ ಮುಂಚೆ ಕೈ ಹಿಂದೆಗೆಯುವುದು, ಪಕ್ಕದವರನ್ನು ಕರೆದು "ಏಕ್ ಬಾರ್ ದೇಖ್ ನಾ, ಸಹೀ ಹೈ ನಾ?" ಎಂದು ಕೇಳುವುದು, ಇವೆಲ್ಲ ಶುರುವಾದವು. ನನ್ನನ್ನೂ ಕರೆದು ಕೇಳಿದಳು. ಸರಿಯಾಗಿದೆ ಎಂದೆ. ಕಾಂಟ್ರ್ಯಾಕ್ಟು ಮುಗಿಯಿತು, ಮುಂದುವರಿಸಲಿಲ್ಲ.

ಮನೆಯಲ್ಲಿ ನಾನು ಊಟ ಬಿಟ್ಟು ಏಳುವುದನ್ನು ನೋಡಿ ಹೆಂಡತಿ ತುಳುವಿನಲ್ಲಿ, "ದಾನೆ ಆಂಡ್ ಈರೆಗ್?" ಎಂದಳು. ಏನಾಯಿತು ನಿಮಗೆ ಎಂದು. ಹೊಟ್ಟೆ ಸರಿಯಿಲ್ಲ ಎಂದೆ. ಸ್ಟುಡಿಯೋದಲ್ಲಿ ನಿಜ ಯಾಕೆ ಹೇಳಲಿಲ್ಲ ಎಂದು ಕೇಳಿದರೆ ದೊಡ್ಡ ಕಾರಣವಿಲ್ಲ. ಹೇಳಿದರೆ ನನ್ನನ್ನು ಕಳಿಸುತ್ತಿದ್ದರು. ಆ ವಯಸ್ಸಿನಲ್ಲಿ ಹತ್ತನೆಯ ತರಗತಿಯವನಿಗೆ ಮತ್ತೊಂದು ಕುರ್ಚಿ ಯಾರೂ ಕೊಡುತ್ತಿರಲಿಲ್ಲ. ಅವಳಿಗೆ ಪ್ರಾಯವಿದೆ, ಬೇರೆ ಕಡೆ ಸಿಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ನಿದ್ದೆ ಬರುತ್ತಿತ್ತು, ಅದನ್ನೂ ಹೇಳಬೇಕು.

ಒಂದು ಭಾನುವಾರ ಡೊಂಬಿವಿಲಿಯ ನಮ್ಮ ಮನೆಯಿಂದ ಹೊರಟು ಕಲ್ಯಾಣ ಪೂರ್ವದ ಅವಳ ಮನೆಗೆ ಹೋದೆ. ಹೇಳಿಬಿಡಬೇಕೆಂದೇ ಹೋಗಿದ್ದೆ. ಚಾಳಿನ ಒಂದೇ ಕೋಣೆ, ಮೇಲೆ ಅಟ್ಟ. ಅಪ್ಪ ಬನಿಯನ್ನಿನಲ್ಲಿ ಬಾಗಿಲಿಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು.

"ಬರ್ರಿ ಸಾಹೇಬ್ರ, ಒಳಗ ಬರ್ರಿ. ದಿನಾ ನಿಮ್ಮ ಮಾತ ಆಡ್ತಿದ್ಲು. ನಮ್ಮ ಕಡ್ಯಾವ್ರು ಒಬ್ರು ಅದಾರ ಅಂತ ನಮಗೂ ಧೈರ್ಯ ಇತ್ರಿ."

ಅವಳು ಮೂಲೆಯಲ್ಲಿ ಸ್ಟೋವಿನ ಮುಂದೆ ಚಹಾ ಮಾಡುತ್ತಿದ್ದಳು.

"ಇಕಿದು ಮೊದಲಿಂದ ಹಂಗ ರೀ" ಎಂದರು ಅಪ್ಪ, ಅವಳಿಗೆ ಕೇಳುವಂತೆಯೇ. "ಹಾಲ ಇಟ್ಟು ಮರೀತಾಳ. ಉಕ್ಕಿದ ಹಾಲಾದ್ರ ಅರಬಿ ತಗೊಂಡು ಒರಸಬಹುದು. ಕಂಪನಿ ಕೆಲಸ ಏನ್ ಹಾಲೇನ್ರಿ?"

"ಅವಳದ್ದೇನೂ ತಪ್ಪಿಲ್ಲ ಮಾರಾಯ್ರೆ" ಎಂದೆ. "ಕಂಪ್ಯೂಟರಿನಲ್ಲಿ ಹೀಗೆಲ್ಲ ಆಗ್ತದೆ."

"ನೀವು ದೊಡ್ಡ ಮನಸಿನವ್ರು, ಹಂಗ ಅಂತೀರಿ."

ಅವಳು ಲೋಟ ಕೊಡುವಾಗ ನನ್ನನ್ನು ನೋಡಿದಳು. ಆ ಕಣ್ಣಿನಲ್ಲಿದ್ದದ್ದು ಕೃತಜ್ಞತೆ. ಹೇಳಲು ಬಂದದ್ದನ್ನು ಅಲ್ಲಿಗೇ ಬಿಟ್ಟೆ. ಚಹಾ ಕುಡಿದೆ. ಬೇರೆಲ್ಲಾದರೂ ಕೆಲಸ ಇದ್ದರೆ ನೋಡ್ರಿ ಎಂದರು ಅಪ್ಪ. ನೋಡುತ್ತೇನೆ ಎಂದೆ. ನೋಡಿದೆ ಕೂಡ. ಠಾಣೆಯಲ್ಲಿ ಒಂದು ಕಡೆ ಜಾಗವಿದೆ ಎಂದು ತಿಳಿದು ಫೋನು ಮಾಡಿದೆ. "ಫಿರ್ ಸೇ ಗಡಬಡ್ ಹೋ ಗಯೀ ತೋ, ಕಾಕಾ?" ಎಂದಳು. ಮತ್ತೆ ಎಡವಟ್ಟಾದರೆ ಎಂಬ ಹೆದರಿಕೆ. ಸಂದರ್ಶನಕ್ಕೆ ಹೋಗಲೇ ಇಲ್ಲ. ಆ ಬೇಸಿಗೆಯಲ್ಲಿ ಊರಿಗೆ ಕರೆದೊಯ್ದು ಮದುವೆ ಮಾಡಿದರು.

ನಾನು ನಿವೃತ್ತನಾದೆ. ಹಾರ ಹಾಕಿ, ಕೇಕು ಕತ್ತರಿಸಿ ಕಳಿಸಿಕೊಟ್ಟರು. ಕೆಲವು ವರ್ಷಗಳ ನಂತರ ಕಲ್ಯಾಣ ಸ್ಟೇಷನ್ನಿನ ಸೇತುವೆಯ ಮೇಲೆ ಅವಳ ಅಪ್ಪ ಸಿಕ್ಕರು. ಬೆನ್ನು ಬಾಗಿತ್ತು. ಗಂಡನ ಜೊತೆ ಮಗಳು ನವಿ ಮುಂಬಯಿಗೆ ಬಂದಿದ್ದಾಳೆ, ಸೀವುಡ್ಸ್ ಸ್ಟೇಷನ್ನಿನ ಮೇಲಿನ ಮಾಲ್‌ನಲ್ಲಿ ಬಟ್ಟೆ ಅಂಗಡಿಯಲ್ಲಿದ್ದಾಳೆ ಎಂದರು.

ಮರುವಾರವೇ ಹೋದೆ. ಬಟ್ಟೆ ಹಾಕಿ ನೋಡುವ ಕೋಣೆಗಳ ಮುಂದೆ ನಿಂತು, ಯಾರು ಎಷ್ಟು ಬಟ್ಟೆ ಒಳಗೆ ಒಯ್ಯುತ್ತಾರೆಂದು ಎಣಿಸಿ ಪ್ಲಾಸ್ಟಿಕ್ ಬಿಲ್ಲೆ ಕೊಡುವ ಕೆಲಸ ಅವಳದು. ದಪ್ಪಗಾಗಿದ್ದಳು. ಒಬ್ಬ ಹೆಂಗಸಿನ ಕೈಯಲ್ಲಿದ್ದ ಬಟ್ಟೆಗಳನ್ನು ಎಣಿಸಿದಳು, ಮತ್ತೆ ಎಣಿಸಿದಳು, ಬಿಲ್ಲೆ ಕೊಡುವ ಮುಂಚೆ ಇನ್ನೊಮ್ಮೆ ಎಣಿಸಿದಳು. ಆ ಹೆಂಗಸು "ಅಗಂ, ಚಾರಚ್ ಆಹೇತ್" ಎಂದು ಸಿಡುಕಿದಳು. ನಾಲ್ಕೇ ಇವೆಯಲ್ಲ ಎಂದು.

ನನ್ನನ್ನು ಕಂಡು ಅವಳ ಮುಖ ಅರಳಿತು. ಜೊತೆಯವಳನ್ನು ನಿಲ್ಲಿಸಿ ನನ್ನನ್ನು ಹೊರಗಿನ ಬೆಂಚಿನ ಮೇಲೆ ಕೂರಿಸಿದಳು. ನಾನು ಪೀಠಿಕೆ ಹಾಕಲಿಲ್ಲ. ಆ ದಿನ ನಿನ್ನ ಯಂತ್ರದಲ್ಲಿ ಕೂತವನು ನಾನು, ನಿನ್ನ ಹೊಗೆಯ ಮೇಲೆ ಬರೆಸಿದವನು ನಾನು, ಸುಳ್ಳು ಹೇಳಿದವನೂ ನಾನು ಎಂದು ಕನ್ನಡದಲ್ಲಿ ಹೇಳಿದೆ.

ಅವಳು ಕೇಳಿಸಿಕೊಂಡಳು. ಆಮೇಲೆ ನನ್ನ ಮೊಣಕೈ ಮೇಲೆ ಕೈಯಿಟ್ಟಳು.

"ಕಾಕಾ, ನೀವು ಅವಾಗೂ ಘರೀ ಬಂದು ಹಂಗ ಅಂದಿದ್ರಿ. ಅಪ್ಪನ ಸಾಮ್ನೆ. ಮಲಾ ಯಾದ್ ಆಹೇ." ತಪ್ಪಿಲ್ಲವೆಂದು ಅಂದು ನಾನು ಹೇಳಿದ್ದನ್ನು ಅವಳು ಮರೆತಿರಲಿಲ್ಲ.

"ಆಗ ಸಮಾಧಾನಕ್ಕೆ ಹೇಳಿದ್ದು. ಈಗ ನಿಜ ಹೇಳುತ್ತಿದ್ದೇನೆ."

"ಕ್ಯೂಂ ತಕಲೀಫ್ ಲೇತೇ ಹೋ ಕಾಕಾ? ಇತನೇ ಸಾಲ್ ಹೋ ಗಯೇ." ಇಷ್ಟು ವರ್ಷವಾದ ಮೇಲೆ ಯಾಕೆ ಮನಸ್ಸಿಗೆ ಹಚ್ಚಿಕೊಳ್ಳುತ್ತೀರಿ ಎಂದು.

ನಾನು ಬಿಡಲಿಲ್ಲ. ಫೈಲುಗಳು ಒಂದನ್ನೊಂದು ತಿಂದದ್ದು ಹೇಗೆಂದು ವಿವರಿಸಿದೆ. ನೀನು ಹಾಕಿದ ಪರೀಕ್ಷೆಯ ಹೊಗೆಯೇ ಮೇಲೆ ಬಿದ್ದಿದ್ದರೆ ಆ ಪರೀಕ್ಷೆಯ ಹೊಗೆ ಅಲ್ಲಿ ಕಾಣಬೇಕಿತ್ತು, ಬುಡದಲ್ಲಿ ನಿಂತ ಉಂಡೆಯಲ್ಲ, ಯೋಚನೆ ಮಾಡು ಎಂದೆ. ಅವಳಿಗೆ ಈ ಲೆಕ್ಕ ತಿಳಿಯದ್ದಲ್ಲ, ನನಗೆ ಕಲಿಸಿದವಳೇ ಅವಳು. ಆದರೆ ಅವಳು ಯೋಚನೆ ಮಾಡಲಿಲ್ಲ. ತಲೆ ಅಲ್ಲಾಡಿಸಿದಳು.

"ನಾಹೀ ಕಾಕಾ. ನನಗ ಯಾದ್ ಅದ. ಪಾಥ್ ಬದಲಾಯಿಸಲಿಲ್ಲ. ಎಂಟರ್ ಒತ್ತಿದ್ದು ಯಾದ್ ಅದ." ತೋರುಬೆರಳನ್ನು ತೊಡೆಯ ಮೇಲೆ ಒತ್ತಿ ತೋರಿಸಿದಳು. "ಹೇ ಬೋಟ್."

ಇದೇ ಬೆರಳು. ನಡೆಯದೇ ಇದ್ದದ್ದು ಅವಳಿಗೆ ನೆನಪಿತ್ತು. ಅಷ್ಟು ವರ್ಷ ದಿನವೂ ತನ್ನನ್ನು ಬೈದುಕೊಂಡು ಬೈದುಕೊಂಡು ಆ ನೆನಪನ್ನು ಕಟ್ಟಿಕೊಂಡಿದ್ದಳು. ಅದರ ಮುಂದೆ ನನ್ನ ಮಾತಿಗೆ ಬಲವಿರಲಿಲ್ಲ. ನಾನು ಮೊದಲಿನಿಂದ ಶುರುಮಾಡಿದೆ, ಎರಡನೆಯ ಸಲ, ಮೂರನೆಯ ಸಲ. ಧ್ವನಿ ಏರಿರಬೇಕು, ದಾರಿಹೋಕರು ತಿರುಗಿ ನೋಡಿದರು. ಅವಳ ಮುಖದಲ್ಲಿ ಬೇರೊಂದು ಗಾಬರಿ ಕಾಣಿಸಿತು. ನನ್ನ ಹಣೆ ಮುಟ್ಟಿ ನೋಡಿದಳು. ನೀರಿನ ಬಾಟಲಿ ತಂದು ಮುಚ್ಚಳ ತೆಗೆದು ಕೊಟ್ಟಳು.

"ಒಬ್ಬರೇ ಬಂದಿರಾ? ಕಾಕೂಗ ಗೊತ್ತದ?"

ಹೆಂಡತಿಗೆ ಗೊತ್ತಿಲ್ಲ ಎಂದೆ.

ಜೊತೆಯವಳಿಗೆ ಹೇಳಿ ನನ್ನನ್ನು ಕೆಳಗೆ ಪ್ಲಾಟ್‌ಫಾರ್ಮಿಗೆ ಕರೆತಂದಳು. ಮೆಟ್ಟಿಲಿಳಿಯುವಾಗ ತೋಳು ಹಿಡಿದಿದ್ದಳು. ಮನೆಗೆ ನಾನು ಠಾಣೆಯಲ್ಲಿ ಗಾಡಿ ಬದಲಾಯಿಸಬೇಕು. ಠಾಣೆಯ ಗಾಡಿ ಬಂದಾಗ ನನ್ನನ್ನು ಹತ್ತಿಸಿ, ಬಾಗಿಲ ಬಳಿ ಕೂತಿದ್ದ ಒಬ್ಬ ಯುವಕನಿಗೆ ಹೇಳಿದಳು, "ದಾದಾ, ಯಾಂನಾ ಠಾಣ್ಯಾಲಾ ಉತರವಾಲ್ ಕಾ? ಥೋಡಂ ವಿಸರತಾತ್." ಇವರನ್ನು ಠಾಣೆಯಲ್ಲಿ ಇಳಿಸುತ್ತೀರಾ, ಸ್ವಲ್ಪ ಮರೆವು.

ಅವನು ಎದ್ದು ತನ್ನ ಜಾಗ ಕೊಟ್ಟ. "ಬಸಾ ಆಜೋಬಾ" ಎಂದ, ಕೂರಿ ಅಜ್ಜಾ ಎಂದು. ಗಾಡಿ ಹೊರಟಿತು. ದಾರಿಯುದ್ದಕ್ಕೂ, ಒಂದೊಂದು ಸ್ಟೇಷನ್ ಬಂದಾಗಲೂ, ಅವನು ನನ್ನ ಕಡೆ ಬಾಗಿ ಇನ್ನೂ ಬಂದಿಲ್ಲ ಎಂದು ಹೇಳುತ್ತಿದ್ದ. ನಾನು ತಲೆಯಾಡಿಸುತ್ತಿದ್ದೆ.